ಗುಳಿ

ಮೀನು ಹಸಿಯೋ ಹಳತೋ ಕಣ್ಣು ನೋಡಿ ಹೇಳುವವರುಂಟು,
ಕಿವಿರು ಎತ್ತಿ ನೋಡುವವರುಂಟು.
ನಾನು ಹೆಬ್ಬೆರಳಲ್ಲಿ ಒತ್ತುತ್ತೇನೆ.
ಒತ್ತಿದ ಜಾಗ ಚಂಗನೆ ಮೇಲೆ ಬಂದರೆ ಇವತ್ತಿನದ್ದು.
ಗುಳಿ ಹಾಗೇ ಉಳಿದರೆ
ಮಂಜುಗಡ್ಡೆಯಲ್ಲಿ ಎಷ್ಟೋ ದಿನ ಮಲಗಿದ್ದು;
ನೇರ ಉಪ್ಪಿಗೆ.

ಮಣಿಪಾಲದಲ್ಲಿ ಆ ಹುಡುಗಿ ಡಾಕ್ಟ್ರು
ನನ್ನ ಸೀರೆಯ ಅಂಚು ಸರಿಸಿ
ಮೊಣಕಾಲ ಕೆಳಗೆ, ಎಲುಬಿನ ಮೇಲೆ, ಹೆಬ್ಬೆರಳು ಒತ್ತಿದಳು.
ತೆಗೆದಳು.
ಇಬ್ಬರೂ ನೋಡಿದೆವು.
ಗುಳಿ ಏಳಲಿಲ್ಲ.
ಅವಳು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.
ಮೂವತ್ತೆರಡು ವರ್ಷ ಪಡುಕೆರೆಯಲ್ಲಿ
ಮೀನು ಒಣಗಿಸಿದವಳಿಗೆ ಅಷ್ಟೂ ಗೊತ್ತಾಗದಾ?

ಎರಡು ತಿಂಗಳಿಂದ ಒಂದು ದಿಂಬು ಎರಡಾಗಿತ್ತು, ಎರಡು ಮೂರು.
ಅಂಗಾತ ಮಲಗಿದರೆ ಕೆಮ್ಮು.
ನಡುರಾತ್ರಿ ಎದ್ದು ಕಿಟಕಿಯ ಸರಳು ಹಿಡಿದು
ಬಾಯಿ ಬಾಯಿ ಬಿಡುತ್ತಿದ್ದೆ, ಬಲೆಯಿಂದ ಸುರಿದ ಬೂತಾಯಿಯ ಹಾಗೆ.
ಚಪ್ಪಲಿ ಬಿಗಿಯಾದಾಗ ಚಪ್ಪಲಿಯನ್ನೇ ಬೈದೆ.

"ಮೊದಲು ಯಾವಾಗಲಾದರೂ ಎದೆನೋವು?"
ಎದೆ ಅಲ್ಲ ಡಾಕ್ಟ್ರೇ, ಬೆನ್ನು. ದವಡೆ. ಎಡ ರಟ್ಟೆ.
ಎರಡು ವರ್ಷ ಆಯಿತು. ಮೈಯೆಲ್ಲ ಬೆವರು.
ಆ ದಿನ ತೊರಕೆ ಬಂದಿತ್ತು, ಲಾರಿಗಟ್ಟಲೆ.
ಗ್ಯಾಸ್ ಅಂದರು. ಸೋಡಾ ಕುಡಿದೆ. ತೇಗು ಬಂತು.
ತೇಗು ಬಂದ ಮೇಲೆ ಮತ್ತೆಂತ ಆಸ್ಪತ್ರೆ?
ಅವಳು ಬರೆಯುವುದನ್ನು ನಿಲ್ಲಿಸಿದಳು.

ಎಕೋ ಪರದೆಯಲ್ಲಿ ಕಂಡೆ ಅದನ್ನು:
ಒಂದು ಗೋಡೆ ಕುಣಿಯುತ್ತದೆ, ಇನ್ನೊಂದು ಸುಮ್ಮನೆ ನಿಂತಿದೆ,
ಸೋಡಾ ಕುಡಿದ ದಿನದ ಗೋಡೆ.
"ಪಂಪು ಸೋತಿದೆ ವಾರಿಜಮ್ಮ, ನಿಂತಿಲ್ಲ.
ದೂಡಲಾಗದೆ ಉಳಿದ ನೀರು ಕಾಲಿಗೆ ಇಳಿಯುತ್ತದೆ,
ಶ್ವಾಸಕೋಶದಲ್ಲಿ ನಿಲ್ಲುತ್ತದೆ."
ತಳದಲ್ಲಿ ನೀರು ತುಂಬಿದ ದೋಣಿ ಮುಳುಗಲಿಕ್ಕೆ
ಬಿರುಗಾಳಿ ಬೇಡ.
ಇದು ಅವಳು ಹೇಳಿದ್ದಲ್ಲ.

ಆಮೇಲೆ ಅಂದಳು, ಉಪ್ಪು ಬಿಡಬೇಕು.
ನಕ್ಕುಬಿಟ್ಟೆ.
ಉಗುರಿನ ಸಂದಿಯಲ್ಲಿ ಉಪ್ಪು, ಕೂದಲ ಬುಡದಲ್ಲಿ ಉಪ್ಪು,
ಮಗಳ ಕರಿಮಣಿ ಉಪ್ಪಿನ ದುಡ್ಡಿನದ್ದು.
ಕೊಳೆಯಬೇಕಾದ್ದನ್ನು ಮಳೆಗಾಲ ದಾಟಿಸುವ ಉಪ್ಪು
ನನ್ನನ್ನು ಮಾತ್ರ ದಾಟಿಸುವುದಿಲ್ಲವಂತೆ.
ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಿದ್ದಳು ಅಜ್ಜಿ;
ನನಗೆ ನೀರಿಗೂ ಲೆಕ್ಕ. ದಿನಕ್ಕೆ ಒಂದೂವರೆ ಲೀಟರು,
ಗಂಜಿಯ ತಿಳಿ ಸೇರಿ, ಚಹಾ ಸೇರಿ.

ಈಗ ಗಂಜಿಗೆ ಸುಟ್ಟ ಒಣಮೀನು ಇಲ್ಲ.
ಬಿಂಬುಳಿ ಉಂಟು, ಹಸಿಮೆಣಸು ಉಂಟು, ನಾಲಗೆಗೆ ಸಿಟ್ಟು ಉಂಟು.
ಮೊದಲ ವಾರ ಉಂಡದ್ದು ಗಂಜಿಯೋ ಬಟ್ಟೆ ಒಗೆದ ನೀರೋ.
ಮೂರನೇ ವಾರ ಹಸಿ ಬಂಗುಡೆಯ ಸಾರಿನಲ್ಲಿ
ಕಡಲಿನದ್ದೇ ಒಂದು ಸಣ್ಣ ಉಪ್ಪು ಸಿಕ್ಕಿತು.
ಇಷ್ಟು ವರ್ಷ ಅದನ್ನು ಮುಚ್ಚಿ ಹಾಕಿದ್ದು ನಾನೇ.

ನೀರಿನ ಮಾತ್ರೆ ನುಂಗಿದರೆ ಗಳಿಗೆಗೊಮ್ಮೆ ಓಡಬೇಕು.
ಸಂತೆಗೆ ಬಸ್ಸು ಹತ್ತುವ ದಿನ ಬಿಟ್ಟುನೋಡಿದೆ.
ರಾತ್ರಿ ಮೂರನೇ ದಿಂಬು ತಾನಾಗಿ ಬಂತು.

ಬೆಳಿಗ್ಗೆ ಹೊರಗೆ ಹೋಗಿ ಬಂದು, ಏನೂ ತಿನ್ನದೆ ತೂಕ ನೋಡಬೇಕು.
ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನು ಮಾಡಬೇಕು;
ಅದು ಮಾಂಸ ಅಲ್ಲ, ನೀರು.
ಮನೆಯಲ್ಲಿ ತಕ್ಕಡಿ ಇಲ್ಲ. ಗೋದಾಮಿನಲ್ಲಿ ಉಂಟು,
ಮೂಟೆ ಇಡುವ ಕಬ್ಬಿಣದ ಹಲಗೆ.
ಹತ್ತಿ ನಿಲ್ಲುತ್ತೇನೆ.
ಕೊಪ್ಪಳದ ಯಮನವ್ವ ಬಗ್ಗಿ ಓದುತ್ತಾಳೆ,
"ಅರವತ್ತೊಂದೂವರಿ ಯಕ್ಕಾ. ನಿನ್ನೆದಷ್ಟ ಐತಿ."
ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುತ್ತಾಳೆ, ದಿನದ ದರದ ಕೆಳಗೆ.

ಹೋದ ಬುಧವಾರ ಅರವತ್ತಮೂರೂವರೆ.
ನೆಂಟರ ಮನೆಯ ಉಪ್ಪಿನಕಾಯಿಯ ಸುದ್ದಿ ನಾನು ಯಾರಿಗೂ ಹೇಳಿರಲಿಲ್ಲ;
ಹಲಗೆ ಹೇಳಿತು.
ಫೋನು ಮಾಡಿದೆ. ಮಾತ್ರೆ ಹೆಚ್ಚಿಸಿದರು, ಮರುದಿನವೇ ಬರಹೇಳಿದರು.
ಸೋಮವಾರಕ್ಕೆ ಇಳಿಯಿತು.

ಇವತ್ತು ಕಾಸರಗೋಡಿನ ವ್ಯಾಪಾರಿ ಗೋಡೆ ಓದಿದ:
ಕೊಲ್ಲತರು ಇನ್ನೂರ ಮೂವತ್ತು, ತೊರಕೆ ಮುನ್ನೂರ ಹತ್ತು.
ಈ ಅರವತ್ತೊಂದೂವರೆಯದ್ದು ಯಾವ ಮೀನು, ಇಷ್ಟು ಅಗ್ಗ?
ಯಮನವ್ವ ಕತ್ತೆತ್ತಲಿಲ್ಲ.
"ಅದು ಮಾರಾಕ ಇಟ್ಟದ್ದಲ್ಲರೀ."

ನಾನು ಮೂಟೆಯ ಮೇಲೆ ಕೂತು
ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದೆ.
ತೆಗೆದೆ.
ಕಾದೆ.